ಕಡಲ ಬಣ್ಣವನ್ನು ವಿಚಾರಿಸಿದ ಸರ್ ಸಿ. ವಿ. ರಾಮನ್‌ರವರು

ಪ್ರತಿ ವರ್ಷವೂ ಮಳೆಗಾಲ ಕಳೆದು ಪಂಚಗಂಗಾವಳಿಯ ಕೆಂಪು ನೀರು ತಿಳಿಯಾಗುವ ಕಾಲದಲ್ಲಿ ನಮ್ಮ ಒಂಬತ್ತನೆಯ ತರಗತಿಯವರಿಗೆ ಪದಾರ್ಥದ ಮೂರು ಅವಸ್ಥೆಗಳ ಪಾಠವು ಬರುತ್ತದೆ. ಘನವಸ್ತುವಿಗೆ ಆಕಾರವೂ ಗಾತ್ರವೂ ಉಂಟು, ದ್ರವಕ್ಕೆ ಗಾತ್ರವುಂಟು ಆದರೆ ಸ್ವಂತ ಆಕಾರವಿಲ್ಲ, ಅನಿಲಕ್ಕೆ ಎರಡೂ ಇಲ್ಲ ಎಂಬ ವಾಕ್ಯಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಯಾಕಂದರೆ ಅವುಗಳನ್ನು ಬಾಯಿಪಾಠ ಮಾಡಿಸಿದವರು ನಾವೇ. ಬಾಯಿಪಾಠ ಮಾಡಿಸುವದು ಸುಲಭ. ಮಂಜುಗಡ್ಡೆಯೂ ನೀರೂ ಉಗಿಯೂ ಒಂದೇ ಅಣುಗಳಿಂದಾದವುಗಳೆಂಬದನ್ನೂ, ಆ ಅಣುಗಳು ಒಂದು ಕ್ಷಣವಾದರೂ ಸುಮ್ಮನಿರುವದಿಲ್ಲವೆಂಬದನ್ನೂ ಮಕ್ಕಳ ಮನಸ್ಸಿಗೆ ಮುಟ್ಟಿಸುವದೇ ಕಷ್ಟ. ಕಣ್ಣಿಗೆ ಕಾಣದ ವಸ್ತುವಿನ ಕಾಣದ ಚಲನೆಯನ್ನು ಕರಿಹಲಗೆಯ ಮೇಲೆ ಚುಕ್ಕೆಗಳಿಟ್ಟು ತೋರಿಸಿದರೆ, ಮಕ್ಕಳು ಚುಕ್ಕೆಗಳನ್ನು ಬರೆದುಕೊಳ್ಳುವರೇ ಹೊರತು ಚಲನೆಯನ್ನು ಗ್ರಹಿಸುವದಿಲ್ಲ.

ಕೆಲವು ವರ್ಷಗಳ ಹಿಂದೆ, ಬಂದರಿನಲ್ಲಿ ಮೀನಿನ ಮೇಲೆ ಹಾಕುವ ಐಸಿನ ಒಂದು ಗಡ್ಡೆಯನ್ನು ತರಿಸಿ ಮೇಜಿನ ಮೇಲಿಟ್ಟು ಈ ಪಾಠವನ್ನು ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದುನಿಂತು, ಈ ಗಡ್ಡೆಯೊಳಗಿನ ಅಣುಗಳೂ ಚಲಿಸುತ್ತವೆಯೋ ಎಂದು ವಿಚಾರಿಸಿದಳು. ಗಂಟೆ ಹೊಡೆಯುವ ಸಮಯವಾಗಿತ್ತು. ನಾವು ಅವಸರದಿಂದ, ಅವು ಹೆಪ್ಪುಗಟ್ಟಿ ನಿಂತಿರುತ್ತವೆಂದು ಹೇಳಿಬಿಟ್ಟೆವು. ಅದು ತಪ್ಪು. ಮಂಜುಗಡ್ಡೆಯಲ್ಲಿ ಅಣುಗಳು ಸ್ಥಳವನ್ನು ಬಿಟ್ಟು ಹೋಗುವದಿಲ್ಲವೇ ವಿನಾ, ಇದ್ದ ಸ್ಥಳದಲ್ಲಿಯೇ ಅದುರುತ್ತಲಿರುತ್ತವೆ. ಬಿಸಿ ಹೆಚ್ಚಿದಂತೆ ಆ ಅದುರುವಿಕೆ ಬಲವಾಗಿ, ಕಡೆಗೆ ಸಾಲು ಮುರಿದು ಜಾರತೊಡಗುತ್ತವೆ. ಅದನ್ನೇ ನಾವು ಕರಗುವದೆಂದು ಕರೆಯುತ್ತೇವೆ. ಮರುದಿನ ತರಗತಿಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡು ಸರಿಪಡಿಸಿದೆವು. ಆಗ ಅದೇ ಹುಡುಗಿ ಮತ್ತೊಂದು ಪ್ರಶ್ನೆಯನ್ನು ಸಿದ್ಧಮಾಡಿಕೊಂಡಿದ್ದಳು. ಅವಳ ತಂದೆ ದೂರದ ಕಡಲಿಗೆ ಹೋಗುವವರು. ಕರೆಯಿಂದ ಬಹಳ ದೂರ ಹೋದ ಮೇಲೆ ನೀರು ಅದ್ದಿದ ನೀಲಿಯಂತಿರುತ್ತದೆಂದೂ, ಕೊಡಪಾನದಲ್ಲಿ ಎತ್ತಿದರೆ ಬಣ್ಣವೇ ಇರುವದಿಲ್ಲವೆಂದೂ ಅವರು ಹೇಳಿದ್ದರಂತೆ. ಇದಕ್ಕೆ ಕಾರಣವೇನು?

ಈ ಪ್ರಶ್ನೆಗೂ ಅಣುಗಳ ಚಲನೆಗೂ ಸಂಬಂಧವುಂಟೆಂದು ತೋರಿಸಿದ ಮಹನೀಯರು ನಮ್ಮ ದೇಶದವರೇ. ತಮ್ಮ ಆಯುಷ್ಯದ ಕೊನೆಯ 37 ವರ್ಷಗಳನ್ನು ಅವರು ನಮ್ಮ ಬೆಂಗಳೂರಿನಲ್ಲಿಯೇ ಕಳೆದರು. ಆದಕಾರಣ ಈ ಸಂಚಿಕೆಯಲ್ಲಿ ಸರ್ ಚಂದ್ರಶೇಖರ ವೆಂಕಟರಾಮನ್‌ರವರ ಚರಿತ್ರೆಯನ್ನು ಬರೆಯಲು ಉದ್ದೇಶಿಸಿದ್ದೇವೆ. ಹೆಣ್ಣುಮಕ್ಕಳಿಗೆ ವಿಜ್ಞಾನವೇತಕ್ಕೆಂದು ಪ್ರತಿ ಬೇಸಿಗೆಯಲ್ಲಿ ನಮ್ಮ ಬಳಿಗೆ ಬಂದು ಚರ್ಚಿಸುವ ತಂದೆತಾಯಿಗಳೂ ಇದನ್ನು ಓದಬೇಕೆಂಬದು ನಮ್ಮ ಅಪೇಕ್ಷೆ. ಯಾತಕ್ಕೆಂಬದು ಮುಂದೆ ತಿಳಿಯುವದು.

ರಾಮನ್‌ರವರು 1888ನೆಯ ಇಸವಿ ನವೆಂಬರ್ 7ನೆಯ ತಾರೀಕಿನಲ್ಲಿ ತಿರುಚಿನಾಪಳ್ಳಿಯ ಬಳಿಯ ತಿರುವಾನೈಕಾವಲಿನಲ್ಲಿ ಹುಟ್ಟಿದರು. ತಾಯಿ ಪಾರ್ವತಿ ಅಮ್ಮಾಳ್. ತಂದೆ ಚಂದ್ರಶೇಖರ ಅಯ್ಯರ್‌ರವರು ಉಪಾಧ್ಯಾಯರು; ಮಗನಿಗೆ ನಾಲ್ಕು ವರ್ಷ ತುಂಬುವ ಸುಮಾರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸಲು ಹೋದರು. ಹೀಗೆ ಬಾಲಕನು ಸಮುದ್ರದ ದಡದ ಊರಿನಲ್ಲಿ ಬೆಳೆದು, ಅಲ್ಲಿಯ ಸೈಂಟ್ ಅಲೋಶಿಯಸ್ ಎಂಬ ಮಿಶನ್ ಶಾಲೆಯಲ್ಲಿ ಓದಿ, ಹನ್ನೊಂದನೆಯ ವಯಸ್ಸಿನಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಹೊಂದಿದನು. ಮನೆಯಲ್ಲಿ ಐಶ್ವರ್ಯವಿರಲಿಲ್ಲ, ಪುಸ್ತಕಗಳಿದ್ದವು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಪರೀಕ್ಷೆಯನ್ನು ಪ್ರಥಮ ಸ್ಥಾನದಲ್ಲಿ ಮುಗಿಸಿದಾಗ ಅವರಿನ್ನೂ ಹದಿನಾರು ತುಂಬದ ಹುಡುಗ. ಬೆಳಕಿನ ವಿಷಯವಾಗಿ ಅವರು ಬರೆದ ಮೊದಲನೆಯ ಲೇಖನವು 1906ರಲ್ಲಿ ಇಂಗ್ಲೆಂಡಿನ ಒಂದು ಪ್ರಸಿದ್ಧ ಶಾಸ್ತ್ರಪತ್ರಿಕೆಯಲ್ಲಿ ಅಚ್ಚಾಯಿತು, 1907ರಲ್ಲಿ ಎಂ.ಎ. ಆಯಿತು. ಮೇಲಿನ ವಿದ್ಯೆಗೆ ಇಂಗ್ಲೆಂಡಿಗೆ ಹೋಗಬೇಕಷ್ಟೆ. ಆದರೆ ದೇಹಪರೀಕ್ಷೆ ಮಾಡಿದ ವೈದ್ಯರು ಈ ಕೃಶಶರೀರಕ್ಕೆ ಅಲ್ಲಿಯ ಹವೆ ಒಗ್ಗದೆಂದು ತಡೆದರು. ಆ ಕಾಲದಲ್ಲಿ ನಮ್ಮ ದೇಶದೊಳಗೆ ವಿಜ್ಞಾನವನ್ನು ನಂಬಿ ಜೀವನ ಮಾಡುವದು ಅಸಾಧ್ಯವಾಗಿದ್ದರಿಂದ ಅವರು ಸರಕಾರದ ಹಣಕಾಸಿನ ಇಲಾಖೆಯ ಪರೀಕ್ಷೆಗೆ ಕೂತು, ಉತ್ತೀರ್ಣರಾಗಿ, ಅದೇ ವರ್ಷ ವಿವಾಹವಾಗಿ, ಪತ್ನಿ ಲೋಕಸುಂದರಿಯವರೊಂದಿಗೆ ಕಲ್ಕತ್ತೆಗೆ ಹೋದರು.

ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿರುವಾಗ ಬೌಬಜಾರ್ ಬೀದಿಯಲ್ಲಿ ವಿಜ್ಞಾನಸಂಘದ ಒಂದು ಹಲಗೆ ಅವರ ಕಣ್ಣಿಗೆ ಬಿತ್ತು. ಡಾಕ್ಟರ್ ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಬಹು ಆಸೆಯಿಂದ ಸ್ಥಾಪಿಸಿದ್ದ ಆ ಸಂಘದಲ್ಲಿ ಉಪಕರಣಗಳಿದ್ದವು, ಉಪಯೋಗಿಸುವವರು ಬಹಳವಾಗಿ ಇರಲಿಲ್ಲ. ಅಂದಿನಿಂದ ರಾಮನ್‌ರವರು ಬೆಳಗಾಗುವ ಮೊದಲೇ ಪ್ರಯೋಗಶಾಲೆಗೆ ಹೋಗಿ, ಬಳಿಕ ಕಛೇರಿಯಲ್ಲಿ ಲೆಕ್ಕಪತ್ರಗಳನ್ನು ನೋಡಿ, ಸಾಯಂಕಾಲ ಪುನಃ ಪ್ರಯೋಗಶಾಲೆಗೆ ಬಂದು ರಾತ್ರಿಯವರೆಗೆ ದುಡಿಯುತ್ತಿದ್ದರು. ಅಲ್ಲಿ ಆಶುತೋಷ ಡೇ ಎಂಬ ಸಹಾಯಕನ ಹೊರತು ಬೇರೆ ಜನರಿರಲಿಲ್ಲ. ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ ಮರಳಿ ಬಂದದ್ದನ್ನು ಲೆಕ್ಕಿಸಿದರೂ ಹತ್ತು ವರ್ಷ ಇದೇ ಪ್ರಕಾರ ನಡೆಯಿತು. ವೀಣೆ, ಪಿಟೀಲು, ಮೃದಂಗ, ತಬಲ ಮೊದಲಾದ ವಾದ್ಯಗಳ ನಾದವನ್ನು ಅವರು ಪರೀಕ್ಷಿಸಿದ್ದು ಕಲ್ಕತ್ತೆಯಲ್ಲಿದ್ದಾಗಲೇ. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದವರು ಪಾಲಿತ್ ಪ್ರೊಫೆಸರ್ ಪದವಿಗೆ ಕರೆದಾಗ, ಹೆಚ್ಚು ಸಂಬಳದ ಸರಕಾರೀ ಉದ್ಯೋಗವನ್ನು ಬಿಟ್ಟು ಕಡಿಮೆ ಸಂಬಳದ ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ಹೆಚ್ಚು ಸಂಬಳಕ್ಕೆ ಹೋಗುವವರನ್ನೇ ಕಂಡ ನಮಗೆ ಇದು ಅಪರೂಪವಾಗಿ ಕಾಣುವದು.

ಈಗ ಕಡಲಿನ ವಿಷಯಕ್ಕೆ ಬರೋಣ. 1921ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೂಡಿದ ವಿಶ್ವವಿದ್ಯಾಲಯಗಳ ಸಮ್ಮೇಲನಕ್ಕೆ ರಾಮನ್‌ರವರು ಪ್ರತಿನಿಧಿಯಾಗಿ ಹೋದರು. ಅವರ ಮೊದಲನೆಯ ಸಮುದ್ರಯಾನವದು. ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿಯನ್ನು ಕಂಡು ಎಲ್ಲಾ ಪ್ರಯಾಣಿಕರು ಸಂತೋಷಪಟ್ಟರು; ಇವರು ಸಂತೋಷಪಟ್ಟದ್ದಲ್ಲದೆ ಸಂಶಯವನ್ನೂ ಪಟ್ಟರು. ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೇ ಹೊರತು ನೀರಿನದಲ್ಲವೆಂದು ಲಾರ್ಡ್ ರೇಲಿಯವರಂಥ ದೊಡ್ಡ ವಿದ್ವಾಂಸರು ಹೇಳಿದ್ದರು. ಮರಳಿ ಬರುವಾಗ ನಾರ್ಕುಂಡಾ ಎಂಬ ಹಡಗಿನ ಅಟ್ಟದ ಮೇಲೆ ನಿಂತು ರಾಮನ್‌ರವರು ಇದನ್ನು ಪರೀಕ್ಷಿಸಿದರು. ಅವರ ಕೈಯಲ್ಲಿದ್ದ ಮುಖ್ಯ ಉಪಕರಣವು ನಿಕೋಲ್ ಎಂಬ ಒಂದು ಚಿಕ್ಕ ಸ್ಫಟಿಕದ ಪಟ್ಟಕ. ನೀರಿನ ಮೇಲ್ಮೈಯಿಂದ ಒಂದು ತಕ್ಕ ಓರೆಯಲ್ಲಿ ಪ್ರತಿಫಲಿಸಿ ಬರುವ ಬೆಳಕನ್ನು ಇಂಥ ಪಟ್ಟಕದಿಂದ ಅಡಗಿಸಬಹುದು. ಆಕಾಶದ ಪ್ರತಿಬಿಂಬವನ್ನು ಹೀಗೆ ಅಡಗಿಸಿದ ಮೇಲೆ ಕಡಲು ಬಣ್ಣಗೆಡಬೇಕಾಗಿತ್ತು. ಆದರೆ ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಹಾಗಾದರೆ ಬಣ್ಣವು ನೀರಿನ ಒಳಗಿನಿಂದಲೇ ಬರುತ್ತಿತ್ತು. ಹಡಗು ಮುಂಬಯಿಯ ಬಂದರಿಗೆ ತಲಪುವಷ್ಟರಲ್ಲಿ ನೇಚರ್ ಪತ್ರಿಕೆಗೆ ಅವರ ಪತ್ರವು ಸಿದ್ಧವಾಗಿತ್ತು. ಆ ಹಡಗು ಕಡೆಯದಾಗಿ ದಾಟಿ ಬಂದ ನೀರು ನಮ್ಮ ಗಂಗೊಳ್ಳಿಯ ಅಳಿವೆಯ ಮುಂದಿರುವ ಈ ಪಡುವಣ ಕಡಲೇ ಎಂಬದನ್ನು ನಾವು ಮಕ್ಕಳಿಗೆ ಹೇಳದೆ ಬಿಡುವದಿಲ್ಲ.

ನೀರಿನ ಒಳಗೆ ಬೆಳಕನ್ನು ಚದರಿಸುವದು ಯಾವದು? ಇಲ್ಲಿಯೇ ಅಣುಗಳ ಚಲನೆಯ ಮಾತು ಬರುತ್ತದೆ. ಬಂದರಿನಲ್ಲಿ ಮೀನಿನ ಹರಾಜು ನಡೆಯುವಾಗ ದೂರದಿಂದ ನೋಡಿದರೆ ಜನರು ಎಲ್ಲೆಡೆಯೂ ಸಮನಾಗಿ ತುಂಬಿದಂತೆ ಕಾಣುವದು. ಒಳಗೆ ಹೋಗಿ ನಿಂತವರಿಗೆ ಗೊತ್ತು: ಈ ಕ್ಷಣ ಇಲ್ಲಿ ಇಕ್ಕಟ್ಟು, ಅಲ್ಲಿ ಸಡಿಲು, ಮರುಕ್ಷಣ ಅಲ್ಲಿ ಇಕ್ಕಟ್ಟು, ಇಲ್ಲಿ ಸಡಿಲು. ನೀರಿನ ಅಣುಗಳೂ ಹಾಗೆಯೇ ಅತ್ತಿತ್ತ ನೂಕಾಡುತ್ತಿರುವದರಿಂದ, ಮೇಲ್ನೋಟಕ್ಕೆ ಏಕರೀತಿಯಾದ ನೀರಿನೊಳಗೆ ಅತಿಸೂಕ್ಷ್ಮವಾದ ದಟ್ಟಣೆಗಳೂ ತೆರಪುಗಳೂ ಎಡೆಬಿಡದೆ ಹುಟ್ಟಿ ಅಳಿಯುತ್ತಲಿರುತ್ತವೆ. ಪೋಲೆಂಡಿನ ಸ್ಮೊಲುಕೋವ್‌ಸ್ಕಿಯವರು 1908ರಲ್ಲಿಯೂ ಐನ್‌ಸ್ಟೈನ್‌ರವರು 1910ರಲ್ಲಿಯೂ ಈ ಏರುಪೇರುಗಳು ಬೆಳಕನ್ನು ಚದರಿಸುವವೆಂದು ಗಣಿತದಿಂದ ತೋರಿಸಿದ್ದರು. ನೀಲಿ ಬೆಳಕು ಕೆಂಪು ಬೆಳಕಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ಚದರುವದು. ಅಣುಗಳು ನಿಶ್ಚಲವಾಗಿ, ನೀರು ಎಲ್ಲೆಡೆಯೂ ಒಂದೇ ಸಮನಾಗಿದ್ದರೆ ಹೀಗೆ ಚದರುವಿಕೆ ಆಗುತ್ತಿರಲಿಲ್ಲ. ಕೊಡಪಾನದಲ್ಲಿ ಬಣ್ಣ ಕಾಣದಿರುವದು ಅದರ ನೀರಿನ ಆಳ ಸಾಲದ ಕಾರಣ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ನೀರು ಕೆಂಪು ಬೆಳಕನ್ನು ತನ್ನೊಳಗೆ ಹೀರಿಕೊಳ್ಳುವದೂ ಕಡಲ ನೀಲಿಗೆ ಬಹು ದೊಡ್ಡ ಕಾರಣವೆಂದು ಇಂದಿನ ವಿಜ್ಞಾನವು ಒಪ್ಪಿದೆ. ಆ ಹೀರಿಕೆಯೂ ನೀರಿನ ಅಣುಗಳ ಅದುರುವಿಕೆಯಿಂದಲೇ ಆಗುವದು. ನಮ್ಮ ಕರೆಯ ಬಳಿ ನೀರು ಹಸುರಾಗಿಯೋ ಕಂದಾಗಿಯೋ ತೋರುವದಕ್ಕೆ ಹೊಳೆಗಳು ತರುವ ಕೆಸರೂ ಕಣ್ಣಿಗೆ ಕಾಣದ ಸಣ್ಣ ಪಾಚಿಗಳೂ ಕಾರಣ.

ವಾಸನೆಯ ಉದಾಹರಣೆಯನ್ನೂ ಇದರ ಜೊತೆಗೆ ಕೊಡುವದು ನಮ್ಮ ರೂಢಿ. ಒಣಮೀನಿನ ವಾಸನೆ ಊರೆಲ್ಲಾ ಹಬ್ಬುವದೇ ಅಣುಗಳ ಚಲನೆಗೆ ಸಾಕ್ಷಿಯೆಂದು ಹುಡುಗಿಯರು ನಗುತ್ತಾ ಹೇಳುವರು. ಅದನ್ನು ಹೊತ್ತು ತರುವದು ಹೆಚ್ಚಾಗಿ ಕಡಲ ಗಾಳಿಯೆಂದು ನಾವು ತಿದ್ದುತ್ತೇವೆ. ಕಿಟಿಕಿ ಬಾಗಿಲುಗಳನ್ನು ಮುಚ್ಚಿದ ಕೋಣೆಯ ಮೂಲೆಯಲ್ಲಿ ಅತ್ತರಿನ ಕುಪ್ಪಿಯನ್ನು ತೆರೆದರೆ ಎದುರಿನ ಮೂಲೆಗೆ ವಾಸನೆ ತಲಪಲು ಕೆಲವು ನಿಮಿಷಗಳಾದರೂ ಬೇಕು. ಗಾಳಿಯ ಅಣುಗಳ ವೇಗವಾದರೋ ಸೆಕೆಂಡಿಗೆ ಸುಮಾರು 500 ಮೀಟರು! ಇಷ್ಟು ತಡವೇಕೆಂದರೆ, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು ದೂರ ಹೋಗುವದರೊಳಗೆ ಒಂದು ಅಣು ಮತ್ತೊಂದಕ್ಕೆ ತಾಗಿ ದಾರಿ ತಪ್ಪುತ್ತದೆ. ಇದನ್ನು ಕೇಳಿದ ದಿನ ಮಕ್ಕಳು ಬೇಗನೆ ಮನೆಗೆ ಹೋಗುವದಿಲ್ಲ.

ಕಲ್ಕತ್ತೆಗೆ ಮರಳಿದ ರಾಮನ್‌ರವರು ತಮ್ಮ ಶಿಷ್ಯರನ್ನೆಲ್ಲಾ ಇದೇ ಕೆಲಸಕ್ಕೆ ಹಚ್ಚಿ, ಅನಿಲಗಳಲ್ಲಿಯೂ ದ್ರವಗಳಲ್ಲಿಯೂ ಮಂಜುಗಡ್ಡೆ ಮೊದಲಾದ ಘನಗಳಲ್ಲಿಯೂ ಬೆಳಕು ಹೇಗೆ ಚದರುವದೆಂದು ಏಳು ವರ್ಷ ಪರೀಕ್ಷಿಸಿದರು. 1924ರಲ್ಲಿ ಲಂಡನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. 1923ರಲ್ಲಿಯೇ ಅವರ ಶಿಷ್ಯರಾದ ರಾಮನಾಥನ್‌ರವರು ಚದರಿದ ಬೆಳಕಿನಲ್ಲಿ ಬಣ್ಣ ಬದಲಾದ ಒಂದು ಕ್ಷೀಣಾಂಶವನ್ನು ಕಂಡಿದ್ದರು. ದ್ರವದಲ್ಲಿ ಕಶ್ಮಲವಿರಬೇಕೆಂದು ಎಣಿಸಿ ಎಷ್ಟು ಶುದ್ಧಿಮಾಡಿದರೂ ಅದು ಹೋಗಲಿಲ್ಲ. 1928ರ ಫೆಬ್ರವರಿಯಲ್ಲಿ ಕೆ. ಎಸ್. ಕೃಷ್ಣನ್‌ರವರೊಡನೆ ಕೂಡಿ ಇದನ್ನು ಬೆನ್ನಟ್ಟಿ, 28ನೆಯ ತಾರೀಕಿನಲ್ಲಿ ಚದರಿದ ಬೆಳಕಿನ ವರ್ಣಪಟಲದಲ್ಲಿ ಹೊಸ ರೇಖೆಗಳನ್ನು ಸ್ಪಷ್ಟವಾಗಿ ಕಂಡರು. ಅಣುವಿಗೆ ತಾಗಿದ ಬೆಳಕು ಅಣುವಿನ ಅದುರುವಿಕೆಗೆ ತನ್ನ ಶಕ್ತಿಯ ಸ್ವಲ್ಪ ಪಾಲನ್ನು ಕೊಟ್ಟೋ ಅದರಿಂದ ಪಡೆದೋ ಬಣ್ಣ ಬದಲಾಯಿಸಿ ಬರುವದೆಂಬದೇ ಈ ರಾಮನ್ ಪರಿಣಾಮ. ಉಪಕರಣಗಳಿಗೆ ತಗಲಿದ ವೆಚ್ಚ ಇನ್ನೂರು ರೂಪಾಯಿಯ ಸುಮಾರೆಂದು ಹೇಳುವರು. ಇದನ್ನು ವಿದ್ವಾಂಸರ ಸಭೆಗೆ ಅವರು ವಿವರಿಸಿದ್ದು ಮಾರ್ಚಿ 16ರಂದು, ಬೆಂಗಳೂರಿನಲ್ಲಿ.

ಪ್ರತಿಯೊಂದು ಪದಾರ್ಥದ ಅಣುವಿಗೂ ಅದರದೇ ರೇಖೆಗಳುಂಟು, ಮನುಷ್ಯರ ಹೆಬ್ಬೆಟ್ಟಿನ ಗುರುತಿನಂತೆ. ಅನಿಲದಲ್ಲಿ ಸ್ವತಂತ್ರವಾದ ಅಣುವಿನ ತಿರುಗುವಿಕೆಯೂ, ಸ್ಫಟಿಕದಲ್ಲಿ ಸಾಲುಗಟ್ಟಿದ ಅಣುಗಳು ಒಟ್ಟಾಗಿ ಅದುರುವದೂ ಆ ರೇಖೆಗಳಿಂದ ತಿಳಿಯುವದು. ನೀರಿನ ಉಗಿಗೂ ನೀರಿಗೂ ಮಂಜುಗಡ್ಡೆಗೂ ರೇಖೆಗಳು ಬೇರೆ ಬೇರೆ. ಆ ಹುಡುಗಿ ಐಸಿನ ಗಡ್ಡೆಯನ್ನು ನೋಡಿ ಕೇಳಿದ ಪ್ರಶ್ನೆಗೆ ಬೆಳಕಿನಿಂದಲೇ ಬರೆದ ಉತ್ತರವಿದು.

1930ರ ನೊಬೆಲ್ ಪಾರಿತೋಷಕವು ರಾಮನ್‌ರವರಿಗೆ ದೊರೆಯಿತು. ದೊರೆಯುವದೆಂಬ ನಂಬಿಕೆ ಅವರಿಗೆಷ್ಟಿತ್ತೆಂದರೆ, ಪ್ರಕಟಣೆಯಾಗುವದಕ್ಕೆ ತಿಂಗಳುಗಳ ಮೊದಲೇ ಸ್ವೀಡನ್ನಿಗೆ ಹೋಗಲು ಹಡಗಿನಲ್ಲಿ ಇಬ್ಬರಿಗೆ ಸ್ಥಳವನ್ನು ಕಾದಿರಿಸಿದ್ದರು. ವಿನಯವು ಅವರ ಗುಣಗಳಲ್ಲಿ ಸೇರಿರಲಿಲ್ಲ. ಕೃಷ್ಣನ್‌ರವರ ಪಾಲಿಗೆ ಸಲ್ಲಬೇಕಾದ ಮಾನವು ಸಲ್ಲಲಿಲ್ಲವೆಂಬ ಮಾತು ಇಂದಿಗೂ ಉಂಟು.

1933ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಮೊದಲನೆಯ ಭಾರತೀಯ ನಿರ್ದೇಶಕರಾಗಿ ಬಂದರು. ಹೆಣ್ಣುಮಕ್ಕಳ ತಂದೆತಾಯಿಗಳು ತಿಳಿಯಬೇಕೆಂದು ನಾವು ಮೊದಲು ಹೇಳಿದ ಸಂಗತಿ ಇಲ್ಲಿ ಬರುವದು. ಆ ವರ್ಷವೇ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ಯುವತಿಯು ಸಂಶೋಧನೆಗಾಗಿ ಆ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ಓದಿದವರು. ರಾಮನ್‌ರವರು ಅರ್ಜಿಯನ್ನು ತಿರಸ್ಕರಿಸಿದರು; ಕಾರಣ, ಅರ್ಜಿದಾರಳು ಹೆಣ್ಣು. ಆಕೆ ಮನೆಗೆ ಹೋಗಿ ಅಳುತ್ತಾ ಕೂಡ್ರಲಿಲ್ಲ. ಬೆಂಗಳೂರಿಗೆ ಬಂದು, ತನ್ನನ್ನು ಸೇರಿಸಿಕೊಳ್ಳದೆ ಹಿಂತಿರುಗುವದಿಲ್ಲವೆಂದು ಹಟಹಿಡಿದರು. ಕಡೆಗೆ ಒಂದು ವರ್ಷ ಪರೀಕ್ಷೆಗಾಗಿ ಇಟ್ಟು, ಕೆಲಸವು ತೃಪ್ತಿಕರವಾದರೆ ಮಾತ್ರ ಮಾನ್ಯಮಾಡುವದೆಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಅದು ಅವಮಾನಕರವಾದ ಷರತ್ತೆಂದು ಆಕೆ ವೃದ್ಧಾಪ್ಯದಲ್ಲಿಯೂ ಮರೆಯಲಿಲ್ಲ. ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಹಾಲು, ಬೇಳೆಕಾಳುಗಳ ಸಾರಾಂಶಗಳನ್ನು ಕುರಿತು ದುಡಿದು ವರ್ಷ ಮುಗಿಸಿದಾಗ, ರಾಮನ್‌ರವರು ಆ ಕೆಲಸವನ್ನು ಒಪ್ಪಿದರು. ಆ ಬಳಿಕ ಸ್ತ್ರೀಯರಿಗೆ ಸಂಸ್ಥೆಯ ಬಾಗಿಲು ತೆರೆಯಿತು. ಕಮಲಾರವರು, ಮುಂದೆ ವಿವಾಹಾನಂತರ ಕಮಲಾ ಸೊಹೊನಿಯವರು, 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ರಾಮನ್‌ರವರ ಸ್ವಂತ ಪ್ರಯೋಗಶಾಲೆಯಲ್ಲಿಯೂ ಬೆರಳೆಣಿಕೆಯ ಸ್ತ್ರೀಯರು ಕೆಲಸಮಾಡಿದರು. ಅವರಲ್ಲಿ ಆನ್ನಾ ಮಾಣಿಯವರು ತಿರುವಾಂಕೂರಿನ ಪೀರುಮೇಡಿನ ಸಿರಿಯನ್ ಕ್ರೈಸ್ತ ಮನೆತನದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಟ್ಟ ವಜ್ರದ ಓಲೆಗಳನ್ನು ಬೇಡವೆಂದು, ಅದರ ಬದಲಿಗೆ ವಿಶ್ವಕೋಶವನ್ನು ಕೊಡಿಸಿಕೊಂಡ ಮಗುವಾಗಿತ್ತು. ವಿಚಿತ್ರವೇನೆಂದರೆ, 1940ರಿಂದ ರಾಮನ್‌ರವರ ಬಳಿ ಅವರು ಪರೀಕ್ಷಿಸಿದ್ದು ವಜ್ರಗಳನ್ನೇ. ರಾಮನ್‌ರವರ ಬಳಿ ಮುನ್ನೂರು ವಜ್ರಗಳ ಸಂಗ್ರಹವಿತ್ತು. ಅವುಗಳನ್ನು ಅತಿ ತಂಪಾದ ಸ್ಥಿತಿಯಲ್ಲಿಟ್ಟು, ಕ್ಷೀಣವಾದ ಬೆಳಕನ್ನು ಛಾಯಾಪಟದ ಮೇಲೆ ಹದಿನೈದು ಇಪ್ಪತ್ತು ತಾಸು ಬೀಳಿಸಿ ರೇಖೆಗಳನ್ನು ಹಿಡಿಯಬೇಕಾಗಿದ್ದರಿಂದ ಎಷ್ಟೋ ರಾತ್ರಿಗಳನ್ನು ಆಕೆ ಪ್ರಯೋಗಶಾಲೆಯಲ್ಲಿಯೇ ಕಳೆದರು. ಅಲ್ಲಿ ಸ್ತ್ರೀ ಪುರುಷರು ಕೂಡಿ ಮಾತನಾಡುವದನ್ನು ರಾಮನ್‌ರವರು ಸಹಿಸುತ್ತಿರಲಿಲ್ಲವಾದ್ದರಿಂದ, ಸಂಗಡಿಗರೊಡನೆ ಚರ್ಚಿಸಿ ಕಲಿಯುವ ಲಾಭವು ಆಕೆಗೆ ದೊರೆಯಲಿಲ್ಲ. 1945ರಲ್ಲಿ ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರೇಟ್ ಕೊಡಲಿಲ್ಲ. ಆಕೆ ಅದನ್ನು ಲಕ್ಷಿಸದೆ ಹವಾಮಾನ ಇಲಾಖೆಗೆ ಸೇರಿ, ಗಾಳಿ ಬಿಸಿಲುಗಳನ್ನು ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲಿಯೇ ಮಾಡಿಸಿ, 1976ರಲ್ಲಿ ಉಪಮಹಾನಿರ್ದೇಶಕಿಯಾಗಿ ನಿವೃತ್ತರಾದರು. ನಮ್ಮ ದೋಣಿಗಳವರು ಇಂದು ಕೇಳುವ ಗಾಳಿಮಳೆಯ ಸೂಚನೆಯ ಹಿಂದೆ ಇಂಥವರ ದುಡಿಮೆಯುಂಟು.

ಆ ಪ್ರಶ್ನೆ ಕೇಳಿದ ಹುಡುಗಿಯ ತಂದೆ, ಹತ್ತನೆಯ ತರಗತಿ ಮುಗಿದಾಗ, ವಿಜ್ಞಾನದ ಖರ್ಚನ್ನೂ ಕುಂದಾಪುರದವರೆಗಿನ ದಿನದಿನದ ಪ್ರಯಾಣವನ್ನೂ ಹೇಳಿ ಮನಸ್ಸು ಹಿಂಜರಿದಿದ್ದರು. ಅವರಿಗೆ ನಾವು ಕಮಲಾರವರ ಸಂಗತಿಯನ್ನು ಹೇಳಿದೆವು. ಅವರು ಅದಕ್ಕಿಂತ ಹೆಚ್ಚಾಗಿ ನಾರ್ಕುಂಡಾ ಹಡಗಿನ ಸಂಗತಿಯನ್ನು ಕೇಳಿ, ಆ ಪಟ್ಟಕವು ಎಷ್ಟು ದೊಡ್ಡದಿತ್ತೆಂದು ವಿಚಾರಿಸಿ, ಏನನ್ನೂ ಹೇಳದೆ ಹೋದರು. ಜೂನ್ ತಿಂಗಳಲ್ಲಿ ಮಗಳು ವಿಜ್ಞಾನಕ್ಕೆ ಸೇರಿದಳೆಂದು ತಿಳಿಯಿತು.

ರಾಮನ್‌ರವರ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಸಂಸ್ಥೆಯ ಆಡಳಿತದವರೊಡನೆ ವಿರಸ ಬೆಳೆದು 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟು, 1948ರವರೆಗೆ ಪ್ರೊಫೆಸರರಾಗಿ ಉಳಿದರು. ಸ್ಫಟಿಕಗಳಲ್ಲಿ ಅಣುಗಳು ಅದುರುವ ರೀತಿಯನ್ನು ಕುರಿತು ಮ್ಯಾಕ್ಸ್ ಬಾರ್ನ್‌ರವರೊಡನೆ ಬಹು ವರ್ಷ ವಾದಿಸಿದರು. ಆ ವಾದದಲ್ಲಿ ರಾಮನ್‌ರವರ ಪಕ್ಷವು ನಿಲ್ಲಲಿಲ್ಲ. 1948ರಲ್ಲಿ ತಮ್ಮದೇ ಸಂಶೋಧನಾಲಯವನ್ನು ತೆರೆದರು. 1954ರಲ್ಲಿ ಭಾರತರತ್ನ ಬಿರುದು ಬಂದಿತು. ಅಲ್ಲಿಗೆ ಬಂದ ಶಾಲಾಮಕ್ಕಳಿಗೆ ಕತ್ತಲೆಯ ಕೋಣೆಯಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಖನಿಜಗಳನ್ನು ತಾವೇ ತೋರಿಸುವದೆಂದರೆ ಅವರಿಗೆ ಬಹಳ ಪ್ರೀತಿ. ದೊಡ್ಡವರೊಡನೆ ಸಿಟ್ಟಾಗುತ್ತಿದ್ದರು, ಮಕ್ಕಳೊಡನೆ ಅಲ್ಲ.

ಪ್ರತಿ ಅಕ್ಟೋಬರ್ 2ರಂದು ಅಲ್ಲಿ ಗಾಂಧಿ ಸ್ಮಾರಕ ಉಪನ್ಯಾಸವನ್ನು ಮಾಡುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದರು. 1970ರಲ್ಲಿ ಮಾಡಿದ ಕಡೆಯ ಉಪನ್ಯಾಸವು ಕಿವಿಯ ವಿಷಯವಾಗಿತ್ತು. ಬಳಿಕ ಕೆಲವು ವಾರಗಳಲ್ಲಿ ಕಾಯಿಲೆ ಬಿದ್ದು, ಆಸ್ಪತ್ರೆಯಲ್ಲಿ ಉಳಿಯಲು ಒಪ್ಪದೆ, ತಮ್ಮ ಸಂಸ್ಥೆಯ ಹೂದೋಟದ ನಡುವೆ ಪ್ರಾಣಬಿಡಬೇಕೆಂದು ಅಲ್ಲಿಗೇ ಮರಳಿದರು. ನವೆಂಬರ್ 21ರ ಬೆಳಿಗ್ಗೆ ತೀರಿಹೋದರು. ಅವರ ಇಚ್ಛೆಯಂತೆ ಅದೇ ತೋಟದಲ್ಲಿ ದಹನಮಾಡಿ, ಗೋರಿಯನ್ನಾಗಲಿ ಕಲ್ಲನ್ನಾಗಲಿ ನಿಲ್ಲಿಸದೆ, ಒಂದು ಮರವನ್ನು ನೆಟ್ಟರು. ಆನ್ನಾ ಮಾಣಿಯವರು ಬರೆದು, ಪದವಿ ಸಿಕ್ಕದೆ ಹೋದ ಆ ಪ್ರಬಂಧವನ್ನು ಅದೇ ಸಂಸ್ಥೆಯಲ್ಲಿ, ಪದವಿ ಪಡೆದ ಇತರರ ಪ್ರಬಂಧಗಳ ಜೊತೆಗೆ ಕಾದಿಟ್ಟಿದ್ದಾರೆ.